ಸುಳ್ಯದ ಮೀಸಲು ಸೀಟು, ಅಮೆರಿಕದ ಕಪ್ಪುವರ್ಣೀಯರ ಸೀಟು: ಎರಡೂ ಒಂದೇ ನಮೂನೆಯಾ?

ಬೆಳ್ಳಾರೆಯವ (ಮಂಗಳೂರು):
ನಮ್ಮ ಸುಳ್ಯ ವಿಧಾನಸಭಾ ಕ್ಷೇತ್ರ ನಾನು ಕಂಡಾಗಿನಿಂದ ಎಸ್ಸಿ ಮೀಸಲು. ಗೌಡರು, ಬಂಟರು, ಬ್ರಾಹ್ಮಣರು, ಬ್ಯಾರಿಗಳು ಎಲ್ಲ ಸಾಲಿನಲ್ಲಿ ನಿಂತು ವೋಟು ಹಾಕುತ್ತೇವೆ, ಚುನಾವಣೆಗೆ ನಿಲ್ಲುವವರು ಮಾತ್ರ ಪರಿಶಿಷ್ಟ ಜಾತಿಯವರು. ಎಸ್. ಅಂಗಾರ ಅವರು 1994ರಿಂದ 2018ರವರೆಗೆ ಸತತ ಆರು ಸಲ ಗೆದ್ದರು. ಮಂತ್ರಿಯಾದದ್ದು ಮಾತ್ರ 2021ರಲ್ಲಿ. ಅಷ್ಟರೊಳಗೆ ಅವರಿಗಿಂತ ಎಷ್ಟೋ ಕಿರಿಯರು ಗೂಟದ ಕಾರು ಹತ್ತಿ ಇಳಿದೂ ಆಗಿತ್ತು.

ಕೊಣಾಜೆಯಲ್ಲಿ ಎಂಎ ಓದುವ ತಂಗಿಯ ಮಗಳು ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು, "ಮಾವ, ಅಮೆರಿಕದಲ್ಲಿ ಕಪ್ಪುವರ್ಣೀಯರಿಗೆ ಹೀಗೆ ಸೀಟು ಇಟ್ಟಿದ್ದಾರಾ?" ನನಗೂ ಈಗ ಅದೇ ತಲೆಯಲ್ಲಿ ಕೊರೆಯುತ್ತಾ ಉಂಟು. ಎಲ್ಲರೂ ಸೇರಿ ಆರಿಸಿದವರು ತಮ್ಮವರ ಪರವಾಗಿ ಗಟ್ಟಿಯಾಗಿ ಮಾತಾಡಬಲ್ಲರಾ, ಅಥವಾ ತಮ್ಮವರೇ ಆರಿಸಿದವರಾ? ಮೀಸಲಾತಿ ಬೇಕಾ ಬೇಡವಾ ಎಂಬ ಜಗಳ ಇಲ್ಲಿ ಬೇಡ ಮಾರಾಯ್ರೆ, ಅದಕ್ಕೆ ವಾಟ್ಸಾಪ್ ಉಂಟು.

ಕರಂಗಲ್ಪಾಡಿ ವಕೀಲ:
ಅಲ್ಲಿ ಮೀಸಲು ಸೀಟು ಇಲ್ಲ. ಇರುವುದೆಲ್ಲ ಕ್ಷೇತ್ರದ ಗಡಿ ಎಳೆಯುವ ಆಟ. ಕಪ್ಪುವರ್ಣೀಯ ಗಂಡಸರಿಗೆ ವೋಟು ಕಾಗದದ ಮೇಲೆ 1870ರಲ್ಲೇ ಬಂತು. ದಕ್ಷಿಣದ ರಾಜ್ಯಗಳು ಓದುಬರಹದ ಪರೀಕ್ಷೆ, ಮತ ತೆರಿಗೆ ಅಂತ ಅಡ್ಡ ಹಾಕಿ, 1965ರ ಮತದಾನ ಹಕ್ಕು ಕಾಯ್ದೆ ಬರುವವರೆಗೂ ತಡೆದವು. ವೋಟು ತಡೆಯಲಿಕ್ಕೆ ಆಗದಿದ್ದರೆ ಅದರ ಬೆಲೆ ಇಳಿಸಬಹುದಲ್ಲ? ಅವರು ಹೆಚ್ಚಿರುವ ಊರನ್ನು ಮೂರ್ನಾಲ್ಕು ಕ್ಷೇತ್ರಗಳಿಗೆ ಒಡೆದು ಹಂಚಿದರೆ ಎಲ್ಲೂ ಗೆಲ್ಲುವುದಿಲ್ಲ. ಎಲ್ಲರನ್ನೂ ಒಂದಕ್ಕೇ ತುರುಕಿದರೆ ಒಂದು ಸೀಟಿಗೆ ಮುಗಿಯಿತು. ಅಲಬಾಮಾದಲ್ಲಿ ಅವರು ಕಾಲು ಭಾಗಕ್ಕಿಂತ ತುಸು ಹೆಚ್ಚು, ಆದರೆ 7 ಕ್ಷೇತ್ರಗಳಲ್ಲಿ ಅವರ ಬಹುಮತ ಇದ್ದದ್ದು ಒಂದರಲ್ಲಿ. 2023ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅದು ತಪ್ಪೆಂದಿತು, ನಕ್ಷೆ ಬದಲಾಯಿತು, 2024ರಲ್ಲಿ ಇಬ್ಬರು ಕಪ್ಪುವರ್ಣೀಯರು ಗೆದ್ದರು.

ಅದೇ ಕೋರ್ಟು 1993ರಲ್ಲಿ ಉಲ್ಟಾ ದಿಕ್ಕಿನಲ್ಲೂ ಮಾತಾಡಿದೆ. ನಾರ್ತ್ ಕ್ಯಾರೊಲಿನಾದಲ್ಲಿ ಹೆದ್ದಾರಿಯುದ್ದಕ್ಕೂ ಒಂದು ಕಪ್ಪುವರ್ಣೀಯ ಬಹುಮತದ ಕ್ಷೇತ್ರ ಎಳೆದಿದ್ದರು. ತಲಪಾಡಿಯಿಂದ ಶಿರೂರಿನವರೆಗೆ ಹೆದ್ದಾರಿಯ ಎರಡು ಬದಿ ಮಾತ್ರ ಹಿಡಿದು ಒಂದು ಕ್ಷೇತ್ರ ಮಾಡಿದ ಹಾಗೆ. ಬಣ್ಣವೊಂದನ್ನೇ ನೋಡಿ ಇಂಥ ಗೆರೆ ಎಳೆದರೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದರು.

ಶಿರ್ವದ ಅಕ್ಕ, ಆಕ್ಲೆಂಡಿನಿಂದ:
ನಾನಿಲ್ಲಿ ನ್ಯೂಜಿಲೆಂಡಿನಲ್ಲಿ ನರ್ಸ್. ಪೌರತ್ವ ಸಿಗುವ ಮೊದಲೇ, ಖಾಯಂ ನಿವಾಸಿಯಾಗಿಯೇ ವೋಟು ಸಿಕ್ಕಿತು. ಹೆಸರು ಸೇರಿಸುವ ಅರ್ಜಿಯಲ್ಲಿ ಒಂದು ಪ್ರಶ್ನೆ: ನೀವು ಮಾವೋರಿ (ಇಲ್ಲಿನ ಮೂಲನಿವಾಸಿಗಳು) ಮೂಲದವರಾ? ಹೌದಾದರೆ ಸಾಮಾನ್ಯ ಪಟ್ಟಿಯೋ ಮಾವೋರಿ ಪಟ್ಟಿಯೋ, ನೀವೇ ಆರಿಸಬೇಕು. ಆ ಪಟ್ಟಿಗೆ ಸೇರಿದವರು ಮಾತ್ರ ಮಾವೋರಿ ಸೀಟಿಗೆ ವೋಟು ಹಾಕುವುದು, ನಾವಲ್ಲ. 1867ರಲ್ಲಿ 4 ಸೀಟು ಇತ್ತು, ಈಗ 7. ಪಟ್ಟಿಯಲ್ಲಿ ಜನ ಹೆಚ್ಚಾದರೆ ಸೀಟೂ ಹೆಚ್ಚಾಗುತ್ತದೆ. 2023ರಲ್ಲಿ ಏಳರಲ್ಲಿ ಆರನ್ನು ಮಾವೋರಿ ಪಕ್ಷವೇ ಗೆದ್ದಿತು.

ನನ್ನ ವಾರ್ಡಿನಲ್ಲಿರುವ ಮಾವೋರಿ ಗೆಳತಿ ಸಾಮಾನ್ಯ ಪಟ್ಟಿಯಲ್ಲೇ ಇದ್ದಾಳೆ. "ನನ್ನ ವೋಟು ಎಲ್ಲ ಪಕ್ಷದವರಿಗೂ ಬೇಕಾಗಿರಲಿ" ಅಂತ ಅವಳ ಲೆಕ್ಕ. ಅವಳ ತಮ್ಮ ಮಾವೋರಿ ಪಟ್ಟಿಯಲ್ಲಿ. ಚುನಾವಣೆ ಬಂದರೆ ಮನೆಯಲ್ಲಿ ದೊಡ್ಡ ವಾದ.

ಸತ್ಯ ಹೇಳುವವ:
ಜಾತಿಯೇ ಬೇರೆ, ಬಣ್ಣವೇ ಬೇರೆ. 2001ರಲ್ಲಿ ವಿಶ್ವಸಂಸ್ಥೆಯವರು ಜನಾಂಗಭೇದದ ವಿರುದ್ಧ ನಡೆಸಿದ ಡರ್ಬನ್ ಸಮ್ಮೇಳನದಲ್ಲಿ ನಮ್ಮ ಸರಕಾರವೇ ಅದನ್ನು ಹೇಳಿದೆ.

ಕರಂಗಲ್ಪಾಡಿ ವಕೀಲ:
ಸರಕಾರ ಹೇಳಿದ್ದು ಹೌದು. ಪ್ರಶ್ನೆ ಅದಲ್ಲ, ಬಿಡಿ.

ಅಕ್ಕಾ, ನೀವು ಹೇಳಿದ ನಮೂನೆ ನಮ್ಮಲ್ಲೂ ಬರಲಿಕ್ಕಿತ್ತು. ಅಂಬೇಡ್ಕರ್ ಕೇಳಿದ್ದು ಪ್ರತ್ಯೇಕ ಮತಕ್ಷೇತ್ರ, ಅಂದರೆ ದಲಿತರ ಪ್ರತಿನಿಧಿಯನ್ನು ದಲಿತರೇ ವೋಟು ಹಾಕಿ ಆರಿಸುವುದು. ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು, 1932ರ ಸೆಪ್ಟೆಂಬರಿನಲ್ಲಿ ಪೂನಾ ಒಪ್ಪಂದವಾಯಿತು: ದಲಿತರಿಗೆ ಮೀಸಲು ಸೀಟು 148, ವೋಟು ಎಲ್ಲರದ್ದು. ನಡುವೆ ಒಂದು ಕೊಂಡಿ ಇತ್ತು, ಅದನ್ನು ಈಗ ಯಾರೂ ನೆನೆಯುವುದಿಲ್ಲ. ದಲಿತ ಮತದಾರರೇ ಮೊದಲು ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಉಳಿದವರೂ ಸೇರಿ ಗೆಲ್ಲಿಸಬೇಕು. ನಮ್ಮ ಸಂವಿಧಾನದಲ್ಲಿ ಸೀಟು ಉಳಿಯಿತು, ಆ ಮೊದಲ ಸುತ್ತು ಉಳಿಯಲಿಲ್ಲ. ಈಗ ಆ ಕೆಲಸ ಪಕ್ಷದ ಹೈಕಮಾಂಡು ಮಾಡುತ್ತದೆ. ಟಿಕೆಟು ಕೊಟ್ಟವರ ಮಾತು ಮೀರಲಿಕ್ಕೆ ಯಾರಿಗೆ ಧೈರ್ಯ?

ಕೊರಗ ಕಾಲನಿ, ಉಡುಪಿ:
ನೀವೆಲ್ಲ ಇರುವ ಸೀಟಿನ ಮಾತಾಡುತ್ತಿದ್ದೀರಿ. ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆ ಸೇರಿ 13 ವಿಧಾನಸಭಾ ಕ್ಷೇತ್ರ, ಎಸ್ಟಿಗೆ ಒಂದೂ ಇಲ್ಲ. ಇದ್ದರೂ ಕೊರಗರಿಗೆ ಸಿಗುತ್ತದೆ ಅಂತ ಇಲ್ಲ. ಪಂಚಾಯತಿನ ಎಸ್ಟಿ ಸೀಟಿಗೆ ಮರಾಟಿಗಳು, ಮಲೆಕುಡಿಯರು, ನಾವು ಎಲ್ಲ ಒಂದೇ ಪಟ್ಟಿ. ನಮ್ಮ ತಲೆಗಳ ಎಣಿಕೆಯಲ್ಲಿ ಯಾವ ಗೆರೆ ಎಳೆದರೂ ಬಹುಮತ ಆಗುವುದಿಲ್ಲ, ಪ್ರತ್ಯೇಕ ಪಟ್ಟಿ ಮಾಡಿದರೂ ಒಂದು ಸೀಟು ತುಂಬುವುದಿಲ್ಲ. ನಮ್ಮವರನ್ನು ಕೀಳಾಗಿ ಕಂಡು ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವಂಥ ಅಜಲು ಪದ್ಧತಿ ನಿಷೇಧಿಸುವ ಕಾನೂನು 2000ದಲ್ಲಿ ಬಂತು. ಆಗ ಸದನದಲ್ಲಿ ನಮ್ಮವರು ಒಬ್ಬರೂ ಕೂತಿರಲಿಲ್ಲ, ಹೋರಾಟ ಮಾಡಿದ್ದು ಹೊರಗಿನಿಂದ.

ಉತ್ತರ ಕನ್ನಡದ ಸಿದ್ದಿಗಳನ್ನು ನೋಡಿ. ಆಫ್ರಿಕಾ ಮೂಲದವರು, ನಿಮ್ಮ ಬಣ್ಣದ ಪ್ರಶ್ನೆ ನೇರವಾಗಿ ಅವರದ್ದೇ. ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ಹೋದದ್ದು ನಾಮನಿರ್ದೇಶನದಿಂದ. ನನ್ನಂಥವನಿಗೆ ಸದ್ಯ ಕಾಣುವ ಬಾಗಿಲು ಅದೊಂದೇ. ಆದರೆ ಅದರ ಕೀಲಿಕೈ ಸರಕಾರದ ಕೈಯಲ್ಲಿ.

ಬೆಳ್ಳಾರೆಯವ (ಮಂಗಳೂರು):
ತಂಗಿಯ ಮಗಳಿಗೆ ಎಲ್ಲ ಓದಿ ಹೇಳಿದೆ. ಅವಳಿಗೀಗ ಆ ನಾಲ್ವರ ಪಟ್ಟಿಯ ಹುಚ್ಚು ಹಿಡಿದಿದೆ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತಲ್ಲ, 1937ರ ಚುನಾವಣೆಯಲ್ಲಿ ಇಲ್ಲಿ ಆ ಮೊದಲ ಸುತ್ತು ನಡೆದಿತ್ತಾ ಅಂತ ಕೇಳುತ್ತಾಳೆ. ವಕೀಲರೇ, ಹಳೇ ಗೆಜೆಟ್ ಎಲ್ಲಿ ನೋಡಲಿಕ್ಕೆ ಸಿಗುತ್ತದೆ?