ಸಿಮೆಂಟ್ ಶೀಟಿನ ಮಾಡು ಹತ್ತಲು ಸೊಂಟದ ಬೆಲ್ಟ್ ಸಾಕಾ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಬೇಯಿಸುವ ಶೆಡ್ಡಿನ ಸಿಮೆಂಟ್ ಶೀಟಿಗೆ 20 ವರ್ಷವಾಯ್ತು, ಸೋರುತ್ತಿದೆ. ಮಳೆ ಹಿಡಿಯುವುದರೊಳಗೆ ನಾಲ್ಕು ಶೀಟು ಬದಲಿಸಬೇಕು. ಹೋದ ವರ್ಷ ಪಕ್ಕದ ತೋಟದಲ್ಲಿ ಇದೇ ಕೆಲಸಕ್ಕೆ ಹತ್ತಿದ ಹುಡುಗ ಶೀಟು ಮುರಿದು ಬಿದ್ದ. ಇನ್ನೂ ಕೋಲು ಹಿಡಿದೇ ಓಡಾಡುತ್ತಾನೆ. ನಾನು ಹೋಗಿ ನೋಡಿದಾಗ ತೂತಿನ ಅಂಚಿಗೆ ಅವನ ಒಂದು ಹವಾಯಿ ಚಪ್ಪಲಿ ಸಿಕ್ಕಿಕೊಂಡಿತ್ತು. ಸೊಂಟದ ಬೆಲ್ಟ್ ತಂದಿದ್ದೇನೆ, ಸಾಕಾ? ಕೆಲಸದವರು "ಹುಕ್ಕಿನ ಸಾಲಿನ ಮೇಲೇ ಕಾಲಿಡ್ತೀವಿ, ಏನಾಗಲ್ಲ" ಅಂತಾರೆ.

ಉತ್ತರ (ಕಾರ್ಖಾನೆ ಸುರಕ್ಷತಾ ಅಧಿಕಾರಿ): ದಯವಿಟ್ಟು ಆ ಮಾತು ನಂಬಬೇಡಿ. ಹುಕ್ಕಿನ ಕೆಳಗೆ ಪರ್ಲಿನ್, ಅಂದರೆ ಶೀಟು ಹೊರುವ ಅಡ್ಡಪಟ್ಟಿ, ಇರುವುದು ನಿಜ. ಆದರೆ ಪಾಚಿ ಕಟ್ಟಿದ ಶೀಟಿನ ಮೇಲೆ ಕಾಲು ಒಂದು ಗೇಣು ಜಾರಿದರೆ ಭಾರವೆಲ್ಲ ಬರಿ ಶೀಟಿಗೆ. ಹಳೇ ಶೀಟು ಬಗ್ಗುವುದಿಲ್ಲ, ಎಚ್ಚರಿಕೆ ಕೊಡದೆ ಒಡೆಯುತ್ತದೆ. ಬೆಳಕಿಗೆಂದು ನಡುವೆ ಹಾಕಿದ ಫೈಬರ್ ಶೀಟು ಇನ್ನೂ ಅಪಾಯ. ಧೂಳು ಕೂತ ಮೇಲೆ ಅದು ಬೇರೆಯದೆಂದು ಗೊತ್ತೇ ಆಗದು.

ಸೊಂಟದ ಬೆಲ್ಟ್ ಬೇಡ. ಬಿದ್ದಾಗ ಇಡೀ ಎಳೆತ ಹೊಟ್ಟೆ, ಬೆನ್ನುಮೂಳೆಗೆ ಬೀಳುತ್ತದೆ. ತೊಡೆ, ಹೆಗಲು ಎರಡನ್ನೂ ಹಿಡಿಯುವ, ಐಎಸ್ 3521 (ಭಾರತೀಯ ಮಾನದಂಡ) ಗುರುತಿನ ಫುಲ್ ಬಾಡಿ ಹಾರ್ನೆಸ್ ತನ್ನಿ. ಶೆಡ್ಡು ಎಷ್ಟು ಎತ್ತರ?

ಪ್ರಶ್ನೆ: 13 ಅಡಿ ಸರ್.

ಉತ್ತರ: ಹಾಗಾದರೆ ಲೆಕ್ಕ ಹಾಕಿ. ಹಾರ್ನೆಸ್ಸಿನ ಹಗ್ಗ 6 ಅಡಿ, ಎಳೆತಕ್ಕೆ ಬಿಚ್ಚಿಕೊಳ್ಳುವ ಶಾಕ್ ಅಬ್ಸಾರ್ಬರ್ 3 ಅಡಿಗೂ ಹೆಚ್ಚು, ಬೆನ್ನಿನ ರಿಂಗಿನಿಂದ ಪಾದಕ್ಕೆ ಸುಮಾರು 5. ಮಾಡಿನ ಮಟ್ಟದಲ್ಲಿ ಕಟ್ಟಿದರೆ ಹಗ್ಗ ಹಿಡಿದು ಪೂರ್ತಿ ನಿಲ್ಲಿಸುವ ಮೊದಲೇ ನೆಲ ಸಿಗುತ್ತದೆ. ನಿಮ್ಮ ಶೆಡ್ಡಿಗೆ ಹಾರ್ನೆಸ್ಸನ್ನೇ ನೆಚ್ಚಿಕೊಳ್ಳಬಾರದು.

ಒಳಗಿನಿಂದಲೇ ಸಾರ್ವೆ ಕಟ್ಟಿಸಿ, ಶೀಟಿಗೆ ಮೂರು ಅಡಿ ಕೆಳಗೆ ಹಲಗೆ ಒತ್ತೊತ್ತಾಗಿ ಹಾಸಿಸಿ. ಹುಕ್ಕನ್ನು ಅಲ್ಲಿಂದಲೇ ಕತ್ತರಿಸಿ ಶೀಟು ಇಳಿಸಬಹುದು. ಮೇಲೆ ಹೋಗಲೇಬೇಕಾದರೆ ಮೂರು ಪರ್ಲಿನ್‌ಗೆ ತಾಗುವಷ್ಟು ಉದ್ದದ ಏಣಿ ಹಲಗೆ ಹಾಕಿ ಕಟ್ಟಿ, ಅದರ ಮೇಲೇ ಕೂತು ಕೆಲಸ ಮಾಡಲಿ. ಶೀಟಿಗೆ ನೀರು ಚಿಮುಕಿಸಿಕೊಳ್ಳಿ, ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಟ್ಟದಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು.

ಪ್ರಶ್ನೆ: ಇಷ್ಟೆಲ್ಲ ಮಾಡಿಯೂ ಬಿದ್ದರೆ? ಆ ಹುಡುಗನನ್ನು ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಿದ್ದರು.

ಉತ್ತರ: ಹಾಗೆ ಎತ್ತಲೇಬೇಡಿ. ಬೆನ್ನುಮೂಳೆ ಮುರಿದಿದ್ದರೆ ಒಳಗಿನ ನರ ಆ ಎತ್ತಾಟದಲ್ಲೇ ತುಂಡಾಗಬಹುದು. ಬಿದ್ದಲ್ಲೇ ಮಲಗಿರಲಿ. ಒಬ್ಬರು ತಲೆಯ ಹತ್ತಿರ ಕೂತು ಎರಡೂ ಕೈಯಿಂದ ತಲೆ ಅಲುಗದಂತೆ ಹಿಡಿಯಲಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನಿಮ್ಮ ತೋಟದಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಈಗಲೇ ನೋಡಿಟ್ಟುಕೊಳ್ಳಿ.