ಕೀಲ್ ಮುಂಭಾಗದಲ್ಲಿ ಬಿರುಕು, ನಟ್ ಬಿಗಿದಷ್ಟೂ ತಿರುಗುತ್ತಿದೆ: ಸೀಲಂಟ್ ತುಂಬಿದರೆ ಸಾಕೇ?

ಪಡುಗಾಳಿ:
30 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ, 1980ರ ದಶಕದ್ದು. ಬೋಲ್ಟ್ ಹಾಕಿ ಕೂರಿಸಿದ ಸೀಸದ ಫಿನ್ ಕೀಲ್ (ದೋಣಿ ಮಗುಚದಂತೆ ತಳದಲ್ಲಿ ತೂಗುವ ಭಾರದ ರೆಕ್ಕೆ), ಸುಮಾರು 1,900 ಕೆ.ಜಿ. ಸದ್ಯ ಯಾರ್ಡಿನಲ್ಲಿ ಸ್ಟ್ಯಾಂಡ್ ಮೇಲಿದೆ. ಕೀಲ್ ಮತ್ತು ಹಲ್ (ದೋಣಿಯ ಒಡಲು) ಕೂಡುವ ಜಾಗದಲ್ಲಿ, ಮುಂದಿನ ಅಂಚಿನಿಂದ ಎರಡೂ ಪಕ್ಕಕ್ಕೆ 30 ಸೆಂ.ಮೀ.ನಷ್ಟು ಬಿರುಕು. ಎಡಬದಿಯಲ್ಲಿ ಕಂದು ನೀರು ಜಿನುಗುತ್ತಿದೆ. ಕೈಪಿಡಿಯಲ್ಲಿ ಮುಕ್ಕಾಲು ಇಂಚಿನ ಬೋಲ್ಟ್‌ಗೆ 105 ಅಡಿ-ಪೌಂಡ್ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಎಂದಿದೆ, ಅಷ್ಟಾದಾಗ ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ. ಹಿಂದಿನ ನಟ್‌ಗಳು ಅಷ್ಟಕ್ಕೇ ಕ್ಲಿಕ್ ಆದವು. ಮುಂಭಾಗದ ಎರಡು ನಟ್‌ಗಳು ತಲಾ ಮುಕ್ಕಾಲು ಸುತ್ತು ಬಂದರೂ ಕ್ಲಿಕ್ ಇಲ್ಲ. ಬಿರುಕಿಗೆ 3M 5200 ಸೀಲಂಟ್ ತುಂಬಿ ನೀರಿಗಿಳಿಸಬಹುದೇ?

ಲಂಗರು:
ರೆಂಚ್ ಕೆಳಗಿಡಿ, ಇನ್ನು ಬಿಗಿಯಬೇಡಿ.

ಬರಿಯ ಬಿರುಕಾಗಿದ್ದರೆ ಅಷ್ಟು ಹೆದರಬೇಕಿರಲಿಲ್ಲ. ಹಾಯಿ ಓಡಿಸುವವರು ಅದನ್ನು ‘ಕ್ಯಾಟಲಿನಾ ಸ್ಮೈಲ್’ (ಕ್ಯಾಟಲಿನಾ ಅನ್ನುವ ಹಾಯಿದೋಣಿ ಬ್ರ್ಯಾಂಡಿನ ಹೆಸರಲ್ಲಿ ‘ನಗು’) ಅಂತಲೇ ಕರೆಯುತ್ತಾರೆ. ಬೋಲ್ಟ್ ಹಾಕಿದ ಕೀಲ್ ಇರುವ ಎಷ್ಟೋ ದೋಣಿಗಳಲ್ಲಿ ಕಾಣುತ್ತದೆ. ಸೀಸ ಒಂದು ಥರ ಬಾಗುತ್ತದೆ, ಫೈಬರ್‌ಗ್ಲಾಸ್ ಇನ್ನೊಂದು ಥರ. ನಡುವಿನ ಫಿಲ್ಲರ್ ಯಾವುದರ ಜೊತೆಗೂ ಬಾಗದೆ ಒಡೆಯುತ್ತದೆ. ಕೀಲ್ ತಳ ನೆಲಕ್ಕೆ ತಾಗಿದರೆ ಹಿಂಭಾಗ ಹಲ್ ಒಳಕ್ಕೆ ಒತ್ತುತ್ತದೆ, ಮುಂಭಾಗ ಕೆಳಕ್ಕೆ ಬಾಯಿಬಿಡುತ್ತದೆ. ನಗು ಮುಂದೆಯೇ ಮೂಡುವುದು ಅದಕ್ಕೆ.

ನಿಮ್ಮಲ್ಲಿ ಚಿಂತೆಯ ವಿಷಯ ಆ ಮುಕ್ಕಾಲು ಸುತ್ತು. ಮುಕ್ಕಾಲು ಇಂಚಿನ ಬೋಲ್ಟಿನಲ್ಲಿ ಇಂಚಿಗೆ 10 ಎಳೆ ಇರುತ್ತವೆ. ಅಂದರೆ ಹೆಚ್ಚೂಕಡಿಮೆ 2 ಮಿ.ಮೀ. ಎಲ್ಲೋ ಹೋಗಿದೆ. ಒಂದೋ ವಾಷರ್ ಬಿಲ್ಜ್ (ದೋಣಿಯೊಳಗಿನ ಅತಿ ಕೆಳಭಾಗ) ತಳದೊಳಕ್ಕೆ ಇಳಿದಿದೆ, ಇಲ್ಲವೇ ಬೋಲ್ಟ್ ಮೇಲೆ ಬಂದಿದೆ. ಮೊದಲನೆಯದಾದರೆ ಗ್ಲಾಸ್ ಪದರದ ಒಳಗೆ ತುಂಬಿದ ಮರ ಕುಂಬಾಗಿದೆ. ಎರಡನೆಯದಾದರೆ ಬೋಲ್ಟ್ ಎಳೆದುಕೊಳ್ಳುತ್ತಿದೆ, ಅಥವಾ ಸೀಸದಿಂದ ಕಿತ್ತು ಬರುತ್ತಿದೆ. ಬಿಲ್ಜ್‌ಗೆ ಅಡ್ಡಲಾಗಿ ನೇರವಾದ ಪಟ್ಟಿ ಇಟ್ಟು, ಪಟ್ಟಿಯಿಂದ ಬೋಲ್ಟ್ ತುದಿಗೆ ಎಷ್ಟು, ವಾಷರ್‌ಗೆ ಎಷ್ಟು ಅಂತ ವರ್ನಿಯರ್‌ನಲ್ಲಿ ಅಳೆಯಿರಿ. ಕಾಲು ಸುತ್ತು ಬಿಗಿದು ಮತ್ತೆ ಅಳೆಯಿರಿ. ಬದಲಾದ ಅಳತೆಯೇ ಉತ್ತರ.

ಕಂದು ನೀರಿನ ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ. ತುಕ್ಕಿನಿಂದಲೂ ಆ ಬಣ್ಣ ಬರುತ್ತದೆ, ಕೊಳೆತ ಪ್ಲೈವುಡ್‌ನಿಂದಲೂ ಬರುತ್ತದೆ.

ಎಳೆಹುರಿ:
ಒಂದು ಸಣ್ಣ ಮಾತು. ಎಳೆಗಳಿಗೆ ಎಣ್ಣೆ ಹಚ್ಚಿದ್ದಿರಾ? ಒಣಗಿದ ಎಳೆಯಲ್ಲಿ 105 ಅಡಿ-ಪೌಂಡ್ ಅಂದರೆ ಬೋಲ್ಟಿಗೆ ಸುಮಾರು 3.8 ಟನ್ ಎಳೆತ. ಎಣ್ಣೆ ಹಚ್ಚಿ ಅದೇ ಟಾರ್ಕ್ ಕೊಟ್ಟರೆ 5 ಟನ್ ದಾಟುತ್ತದೆ. ಕೈಪಿಡಿಯ ಅಂಕಿ ಒಣ ಎಳೆಗೋ ಎಣ್ಣೆ ಹಚ್ಚಿದ್ದಕ್ಕೋ ನೋಡಿಕೊಳ್ಳಿ. ಒಳ್ಳೆಯ ಮರವೂ ಇಷ್ಟರಲ್ಲಿ ಅಪ್ಪಚ್ಚಿಯಾಗಬಹುದು, ವಾಷರ್ ಚಿಕ್ಕದಾಗಿದ್ದರಂತೂ ಕೇಳಲೇಬೇಡಿ.

ಪಡುಗಾಳಿ:
ಎಣ್ಣೆ ಹಚ್ಚಿಲ್ಲ. ಬೋಲ್ಟ್ ತುದಿ ಇದ್ದಲ್ಲೇ ಇದೆ, ವಾಷರ್ 0.6 ಮಿ.ಮೀ. ಇಳಿಯಿತು. ಎರಡು ಬೋಲ್ಟ್‌ಗಳ ನಡುವೆ 6 ಮಿ.ಮೀ. ಬಿಟ್‌ನಲ್ಲಿ 25 ಮಿ.ಮೀ. ಆಳಕ್ಕೆ ಕೊರೆದೆ. ಮೇಲಿನ 5 ಮಿ.ಮೀ. ಗಟ್ಟಿ ಗ್ಲಾಸ್, ಆಮೇಲೆ ಬಿಟ್ ಪುಸಕ್ಕನೆ ಇಳಿಯಿತು. ಬಂದದ್ದು ಒದ್ದೆ ಕಾಫಿ ಗಸಿಯಂಥ ಪುಡಿ.

ಲಂಗರು:
ಹಾಗಾದರೆ ಮರವೇ. ಆ ಕಾಲದಲ್ಲಿ ಕೀಲ್ ಸ್ಟಬ್ (ಕೀಲ್ ಕೂರಲು ಹಲ್ ಕೆಳಕ್ಕೆ ಚಾಚಿದ ಭಾಗ) ದಪ್ಪಗಾಗಲಿ ಅಂತ ಪ್ಲೈವುಡ್ ತುಂಬಿ ಮೇಲೆ ಗ್ಲಾಸ್ ಹೊದಿಸುತ್ತಿದ್ದರು. ಬೋಲ್ಟ್ ತೂತಿನ ಸುತ್ತ ನೀರು ಇಳಿದರೆ ಆಯುಸ್ಸು ಮುಗಿಯಿತು. ಹಳೆಯ ಜೆ/24 ಹಾಯಿದೋಣಿಗಳದ್ದೂ ಇದೇ ದಾಯಾದಿ ಕಥೆ. ಅವುಗಳ ಸಂಪ್‌ನಲ್ಲಿ (ಕೀಲ್ ಮೇಲಿನ ಗುಂಡಿಯಲ್ಲಿ) ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜ ಮತ್ತು ರಾಳದ ಮಿಶ್ರಣವಿತ್ತು, ಅದೂ ನೀರು ಹೀರಿ ಮೆತ್ತಗಾಗುತ್ತದೆ. ಈ ಸ್ಥಿತಿಯಲ್ಲಿ 5200 ತುಂಬುವುದು ಹುಳುಕು ಹಲ್ಲಿಗೆ ಬಣ್ಣ ಬಳಿದ ಹಾಗೆ.

ಕೆಲಸ ಹೀಗೆ. ಕೀಲ್‌ನ ಪೂರ್ತಿ ಭಾರ ಬ್ಲಾಕ್ ಮೇಲೆ ಕೂತಿರಲಿ, ಸ್ಟ್ಯಾಂಡ್‌ಗಳು ದೋಣಿ ವಾಲದಂತೆ ಹಿಡಿದಿರಲಿ. ಎಲ್ಲ ನಟ್ ಒಟ್ಟಿಗೆ ಬಿಚ್ಚಬೇಡಿ. ಎರಡು ಬೋಲ್ಟ್‌ಗಳ ಭಾಗ ಮುಗಿಸಿ ಮುಂದಿನದಕ್ಕೆ ಹೋಗಿ. ಆಸಿಲೇಟಿಂಗ್ ಕಟ್ಟರ್‌ನಿಂದ ಮೇಲಿನ ಗ್ಲಾಸ್ ಕತ್ತರಿಸಿ, ಮರವನ್ನು ಉಳಿಯಿಂದ ಗಟ್ಟಿ ಗ್ಲಾಸ್ ಸಿಗುವವರೆಗೆ ಕೆದಕಿ ತೆಗೆಯಿರಿ. ಬೋಲ್ಟ್ ಸುತ್ತ ಬೆರಳಗಲ ಮರ ಉಳಿಸುವ ಸೋಮಾರಿತನ ಬೇಡ, ಭಾರವೆಲ್ಲ ಬೀಳುವುದು ಅಲ್ಲೇ. ಆಮೇಲೆ ಹೀಟ್ ಲ್ಯಾಂಪ್ ಇಟ್ಟು ಒಣಗಿಸಿ. ಇಲ್ಲಿ ಅವಸರ ಮಾಡಿದವರ ಇಪಾಕ್ಸಿ ಹಿಡಿಯುವುದಿಲ್ಲ. 40 ಗ್ರಿಟ್‌ನಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ.

ತುಂಬಲು 1708 ಬಯಾಕ್ಸಿಯಲ್ ಬಟ್ಟೆ (ಎರಡು ದಿಕ್ಕಿಗೆ ಎಳೆಯಿರುವ ದಪ್ಪ ಗ್ಲಾಸ್ ಬಟ್ಟೆ), ನಿಧಾನ ಹಾರ್ಡನರ್‌ನ ಇಪಾಕ್ಸಿ. ಒಂದು ಪದರಕ್ಕೆ ಸುಮಾರು 1.2 ಮಿ.ಮೀ., ಅಂದರೆ 25 ಮಿ.ಮೀ. ಗುಂಡಿಗೆ 20 ಪದರ. ಒಮ್ಮೆಗೆ ನಾಲ್ಕೈದೇ ಪದರ, ತಣ್ಣಗಾದ ಮೇಲೆ ಮುಂದಿನದು. ಒಟ್ಟಿಗೆ ಹಾಕಿದರೆ ಗುಂಡಿಯೊಳಗೆ ಬಿಸಿಯೇರಿ ರಾಳ ಹೊಗೆಯಾಡುತ್ತದೆ, ಬಿರಿಯುತ್ತದೆ. ಅಗ್ಗದ ಪುಡಿ-ಬೈಂಡರ್ ಮ್ಯಾಟ್ ತರಬೇಡಿ, ಅದರ ಎಳೆಗಳನ್ನು ಹಿಡಿದಿಟ್ಟ ಬೈಂಡರ್ ಪಾಲಿಯೆಸ್ಟರ್ ರಾಳದ ಸ್ಟೈರೀನ್‌ಗೆ ಕರಗುವಂಥದ್ದು, ಇಪಾಕ್ಸಿಗೆ ಜಗ್ಗುವುದಿಲ್ಲ. ಬೋಲ್ಟ್‌ಗಳಿಗೆ ಮೇಣ ಸವರಿ ಟೇಪ್ ಸುತ್ತಿರಿ, ಇಲ್ಲದಿದ್ದರೆ ಮುಂದೆ ಕೀಲ್ ಇಳಿಸುವವರು ನಿಮ್ಮನ್ನು ಶಪಿಸುತ್ತಾರೆ.

ಎಳೆಹುರಿ:
ಪಾಲಿಯೆಸ್ಟರ್ ಅಗ್ಗ ಅಂತ ಆಸೆಪಡಬೇಡಿ, ಹಳೆಯ ಲ್ಯಾಮಿನೇಟ್ ಮೇಲೆ ಅದರ ಹಿಡಿತ ಕಡಿಮೆ. ವಾಷರ್ ಬದಲು 316 ಸ್ಟೀಲಿನ 75 ಮಿ.ಮೀ. ಚೌಕದ, 10 ಮಿ.ಮೀ. ದಪ್ಪದ ಪ್ಲೇಟ್ ಹಾಕಿ. ಕೆಳಗೆ ಗಟ್ಟಿ ಇಪಾಕ್ಸಿ ಹಿಟ್ಟು ಹಚ್ಚಿ ಕೂರಿಸಿದರೆ ಓರೆ ಕೂರುವುದಿಲ್ಲ.

ಹೊರಗಿನ ಕೂಡಿಕೆಗೆ ಮೇಲಿಂದ ಗ್ಲಾಸ್ ಸುತ್ತುವುದೇ ಒಳ್ಳೆಯದು, ನನ್ನ ಮತ ಅದಕ್ಕೇ.

ಲಂಗರು:
ನನ್ನ ಮತ ವಿರುದ್ಧ. ಕೂಡಿಕೆ ಅಲುಗುತ್ತಿದ್ದರೆ ಆ ಗ್ಲಾಸ್ ಮತ್ತೆ ಸೀಳುತ್ತದೆ. ಅಲುಗದಿದ್ದರೆ ಅದರ ಅಗತ್ಯವೇ ಇಲ್ಲ. 6 ಮಿ.ಮೀ. ‘ವಿ’ ಆಕಾರದ ತೋಡು ಕೊರೆದು, ಒಣಗಿಸಿ, ಬಾಗುವ ಸೀಲಂಟ್ ಸಿಕಾಫ್ಲೆಕ್ಸ್ 291 ತುಂಬಿ. ಬಿರುಕು ಮರಳಿದರೆ ಕಣ್ಣಿಗೆ ಬೇಗ ಬೀಳಲಿ.

ಇನ್ನೊಂದು: ಹಿಂಭಾಗದ ಬಿಲ್ಜ್‌ನಲ್ಲಿ ಒಳ ಚೌಕಟ್ಟು ಹಲ್‌ಗೆ ಅಂಟಿದ ಅಂಚನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ದೋಣಿ ತಪಾಸಣೆಯ ಸರ್ವೇಯರ್ ಕರೆಸಿ. 2014ರಲ್ಲಿ ಅಟ್ಲಾಂಟಿಕ್‌ನಲ್ಲಿ ಕೀಲ್ ಕಳಚಿ ನಾಲ್ವರನ್ನು ಬಲಿ ತೆಗೆದುಕೊಂಡ ‘ಚೀಕಿ ರಫಿಕಿ’ ಹಾಯಿದೋಣಿಯ ತನಿಖೆಯಲ್ಲಿ ಹಿಂದಿನ ನೆಲತಾಗುಗಳು, ಅವುಗಳ ರಿಪೇರಿ ಮತ್ತು ಈ ಅಂಟು ದುರ್ಬಲವಾದ ಸಾಧ್ಯತೆಯ ಮಾತು ಬಂದಿತ್ತು.

ಪಡುಗಾಳಿ:
ತಟ್ಟಿ ನೋಡಿದೆ, ಉದ್ದಕ್ಕೂ ಗಟ್ಟಿ ಸದ್ದು. ಬಿಗಿಯುವ ಕ್ರಮ?

ಲಂಗರು:
ಕೊನೆಯ ಪದರ ಹಾಕಿ ಒಂದು ವಾರ ಬಿಡಿ. ನಡುವಿನಿಂದ ಎರಡೂ ತುದಿಗೆ ಸಾಗುತ್ತ ಮೊದಲು 50, ಆಮೇಲೆ 80, ಕೊನೆಗೆ 105. ಇದು ಕೀಲ್ ಬ್ಲಾಕ್ ಮೇಲಿದ್ದಾಗಲೇ ಆಗಬೇಕು. ದೋಣಿ ಎತ್ತಿದಾಗ ಸ್ಲಿಂಗ್‌ನಲ್ಲಿ (ಎತ್ತುವ ಪಟ್ಟಿಗಳಲ್ಲಿ) ತೂಗುತ್ತಿರುವಂತೆಯೇ ಕೂಡಿಕೆ ನೋಡಿ, ಬ್ಲಾಕ್ ಮೇಲೆ ಮುಚ್ಚಿದ್ದ ಬಿರುಕು ಅಲ್ಲಿ ಬಾಯಿಬಿಡುತ್ತದೆ. ಒಬ್ಬರು ಕೀಲ್ ತುದಿಯನ್ನು ಅಡ್ಡ ತಳ್ಳಲಿ, ಇನ್ನೊಬ್ಬರು ಕೂಡಿಕೆ ಮೇಲೆ ಬೆರಳಿಟ್ಟಿರಲಿ. ಅಲುಗಾಟ ಬೆರಳಿಗೆ ಸಿಕ್ಕರೆ ನೀರಿಗಿಳಿಸಬೇಡಿ, ಬ್ಲಾಕ್ ಮೇಲೇ ವಾಪಸ್ ಕೂರಿಸಿ.