ನಕ್ಷತ್ರದ ಬ್ಲಾಕುಗಳು ಚೌಕಕ್ಕೆ ಬರುತ್ತಿಲ್ಲ: ಸ್ಕೇಲು ಹಿಡಿದವರ ಅನುಭವಗಳು

ಪ್ರಶ್ನೆ, ಮೈಸೂರಿನಿಂದ

ನಿವೃತ್ತಳಾದ ಮೇಲೆ ಮೊಮ್ಮಗಳಿಗೆಂದು ಒಂದು ಕ್ವಿಲ್ಟ್ ಹೊಲಿಯಲು ಕುಳಿತಿದ್ದೇನೆ. ಹೊಲಿಗೆ ನನಗೆ ಹೊಸದಲ್ಲ, ಮನೆಯ ರವಿಕೆ, ಲಂಗಗಳನ್ನೆಲ್ಲ ಮೂವತ್ತು ವರ್ಷ ನಾನೇ ಹೊಲಿದಿದ್ದೇನೆ. ಆದರೆ ತುಂಡುಗಳನ್ನು ಕೂಡಿಸಿ ಬ್ಲಾಕ್ ಮಾಡಿ, ಬ್ಲಾಕುಗಳನ್ನು ಕೂಡಿಸಿ ಹೊದಿಕೆ ಮಾಡುವ ಅಮೆರಿಕದ ಪದ್ಧತಿ ಇದೇ ಮೊದಲು. ಆರಿಸಿಕೊಂಡದ್ದು ಫ್ರೆಂಡ್‌ಶಿಪ್ ಸ್ಟಾರ್ ಎಂಬ ಒಂಬತ್ತು ಮನೆಯ ವಿನ್ಯಾಸ: ನಡುವೆ ಒಂದು ಚೌಕ, ಮೂಲೆಗಳಲ್ಲಿ ನಾಲ್ಕು ಚೌಕ, ಬದಿಗಳಲ್ಲಿ ಎರಡೆರಡು ತ್ರಿಕೋನಗಳನ್ನು ಕೂಡಿಸಿದ ನಾಲ್ಕು ಚೌಕ. ಹೊಲಿದು ಮುಗಿದಾಗ ಪ್ರತಿ ಬ್ಲಾಕು 12½ ಇಂಚು ಇರಬೇಕು. ನನ್ನ 16 ಬ್ಲಾಕುಗಳಲ್ಲಿ ಐದು 12¼, ಏಳು 12⅜, ನಾಲ್ಕು ಮಾತ್ರ ಸರಿಯಾಗಿ 12½ ಬಂದಿವೆ. ಎರಡು ಬ್ಲಾಕುಗಳಂತೂ ಗಾಳಿಪಟದ ಹಾಗೆ ಒಂದು ಕಡೆಗೆ ವಾಲಿವೆ. ನನ್ನ ಬಳಿ 12½ ಇಂಚಿನ ಚೌಕ ಸ್ಕೇಲು, 6½ ಅಗಲ 24 ಉದ್ದದ ಇನ್ನೊಂದು ಸ್ಕೇಲು, ರೋಟರಿ ಕಟರ್ (ಬಟ್ಟೆಯ ಮೇಲೆ ಉರುಳಿಸಿ ಕತ್ತರಿಸುವ ಗುಂಡು ಅಲಗು) ಮತ್ತು ಅದರ ಅಡಿಗೆ ಹಾಸುವ ಮ್ಯಾಟ್ ಇವೆ. ಎಲ್ಲವನ್ನೂ 12¼ಕ್ಕೆ ಕತ್ತರಿಸಿ ಸಮ ಮಾಡಿಬಿಡಲೇ? ಸ್ಕೇಲನ್ನು ಎಲ್ಲಿಂದ ಇಟ್ಟು ಶುರುಮಾಡಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಒಹಾಯೊದ ಕೊಲಂಬಸ್‌ನಿಂದ

ದಯವಿಟ್ಟು ಈಗಲೇ ಕತ್ತರಿಸಬೇಡಿ. ನಿಮ್ಮ 12½ ಇಂಚಿನ ಒಂದು ಬ್ಲಾಕನ್ನು ಎತ್ತಿಕೊಂಡು, ನಕ್ಷತ್ರದ ತುದಿ ಬಟ್ಟೆಯ ಅಂಚಿಗೆ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ನೋಡಿ. ತುದಿಯಿಂದ ಅಂಚಿಗೆ ಕಾಲು ಇಂಚು ಬಟ್ಟೆ ಉಳಿದಿರುತ್ತದೆ, ಬ್ಲಾಕುಗಳನ್ನು ಜೋಡಿಸುವಾಗ ಮಾರ್ಜಿನ್ನಿಗೆ, ಅಂದರೆ ಹೊಲಿಗೆಯ ಆಚೆ ಒಳಗೆ ಉಳಿಯುವ ಅಂಚಿಗೆ, ಹೋಗುವುದು ಅದೇ ಕಾಲು ಇಂಚು. ಈ ಬ್ಲಾಕನ್ನು 12¼ಕ್ಕೆ ಇಳಿಸಿದರೆ ನಾಲ್ಕೂ ಬದಿಗಳಲ್ಲಿ ಅರೆಕಾಲು (⅛) ಇಂಚು ಹೋಗುತ್ತದೆ, ಉಳಿದ ಅರೆಕಾಲು ಮಾರ್ಜಿನ್ನಿಗೆ ಸಾಲದೆ ಹೊಲಿಗೆ ನಕ್ಷತ್ರದ ತುದಿಯ ಮೇಲೆಯೇ ಹಾಯುತ್ತದೆ. ಸರಿಯಾಗಿ ಬಂದಿರುವ ನಾಲ್ಕು ಬ್ಲಾಕುಗಳ ಚೂಪು ಕೂಡ ಹೀಗೆ ಮೊಂಡಾಗುತ್ತದೆ. ನನ್ನ ಮೊದಲ ಕ್ವಿಲ್ಟಿನಲ್ಲಿ ನಾನು ಮಾಡಿದ್ದು ಇದನ್ನೇ. ಅದರಲ್ಲಿ ಚೂಪು ಮೂಲೆಯ ನಕ್ಷತ್ರ ಒಂದೂ ಇಲ್ಲ.

ನಿಮ್ಮ ಅಳತೆಗಳೇ ತಪ್ಪು ಎಲ್ಲಾಗಿದೆ ಎಂಬುದನ್ನು ಹೇಳುತ್ತಿವೆ. ನೀವು ಕಾಲು ಇಂಚಿನ ಬದಲು ಕಾಲು ಇಂಚಿನ ಮೇಲೆ ಒಂದು ವೀಸ, ಅಂದರೆ ಇಂಚಿನ ಹದಿನಾರನೆಯ ಒಂದು ಪಾಲು, ಹೆಚ್ಚು ಹಿಡಿದು ಹೊಲಿದಿರಿ ಎಂದುಕೊಳ್ಳಿ. ಒಂದು ಹೊಲಿಗೆಯಲ್ಲಿ ಎರಡು ತುಂಡುಗಳಿಂದಲೂ ಒಂದೊಂದು ವೀಸ ಹೋಗುವುದರಿಂದ ಅರೆಕಾಲು ಇಂಚು ನಷ್ಟ, ಒಂದು ಸಾಲಿನಲ್ಲಿ ಇಂತಹ ಎರಡು ಹೊಲಿಗೆಗಳಿರುವುದರಿಂದ ಒಟ್ಟು ಕಾಲು ಇಂಚು ನಷ್ಟ. 12½ರಲ್ಲಿ ಅದನ್ನು ಕಳೆದರೆ ನಿಮ್ಮ 12¼ ಸಿಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು ಅದು, ಆದರೆ ಪ್ರತಿ ಹೊಲಿಗೆಯಲ್ಲೂ ಸೇರುತ್ತಾ ಹೋಗುತ್ತದೆ.

ಪರೀಕ್ಷೆ ಸುಲಭ. 1½ ಇಂಚು ಅಗಲದ ಮೂರು ಪಟ್ಟಿಗಳನ್ನು ಉದ್ದಕ್ಕೆ ಕೂಡಿಸಿ ಹೊಲಿದು, ಇಸ್ತ್ರಿ ಮಾಡಿ, ನಡುವಿನ ಪಟ್ಟಿಯನ್ನು ಅಳೆಯಿರಿ. ಅದು ಸರಿಯಾಗಿ 1 ಇಂಚು ಇರಬೇಕು, ಮೂರೂ ಸೇರಿ 3½ ಇಂಚು ಇರಬೇಕು. ಅದಕ್ಕಿಂತ ಕಡಿಮೆ ಬಂದರೆ ನಿಮ್ಮ ಮಾರ್ಜಿನ್ ದೊಡ್ಡದಾಯಿತು. ಬಟ್ಟೆ ಮಡಿಚಿ ಒಂದು ಕಡೆಗೆ ಬೀಳುವಾಗ ಆ ಮಡಿಕೆಯೂ ಒಂದೆರಡು ಎಳೆಯಷ್ಟು ಜಾಗ ತಿನ್ನುವುದರಿಂದ, ಕಾಲು ಇಂಚಿಗೆ ಒಂದೆರಡು ಎಳೆ ಕಡಿಮೆ ಹಿಡಿದು ಹೊಲಿಯಬೇಕೆಂದು ಇಲ್ಲಿಯ ಹಿರಿಯರು ನನಗೆ ಕಲಿಸಿದರು. ಆ ಹಿರಿಯರಲ್ಲಿ ಕೆಲವರು ಈ ಬಗೆಯ ಸ್ಕೇಲೂ ಕಟರೂ ಇಲ್ಲದ ಕಾಲದಲ್ಲಿ ಕಲಿತವರು. ಜಪಾನಿನ ಓಲ್ಫಾ ಕಂಪನಿ ರೋಟರಿ ಕಟರನ್ನು ಹೊರತಂದದ್ದು 1979ರಲ್ಲಿ. ಅದಕ್ಕಿಂತ ಮೊದಲು ರಟ್ಟಿನ ಅಚ್ಚನ್ನು ಬಟ್ಟೆಯ ಮೇಲಿಟ್ಟು ಹೊಲಿಗೆಯ ಗೆರೆಯನ್ನೇ ಪೆನ್ಸಿಲ್ಲಿನಲ್ಲಿ ಎಳೆದು, ಆ ಗೆರೆಯ ಮೇಲೆ ಕೈಯಿಂದ ಹೊಲಿಯುತ್ತಿದ್ದರಂತೆ. ಆಗ ಅಂಚು ಹೇಗೆ ಕತ್ತರಿಸಿದರೂ ನಡೆಯುತ್ತಿತ್ತು. ಈಗ ನಮಗೆ ಗೆರೆಯಿಲ್ಲ, ಅಂಚೇ ಅಳತೆ; ಆದ್ದರಿಂದ ಕತ್ತರಿಸಿದ ಅಂಚು ಸೊಟ್ಟಗಿದ್ದರೆ ಹೊಲಿಗೆಯೂ ಸೊಟ್ಟಗೇ ಹೋಗುತ್ತದೆ.

ಧಾರವಾಡದಿಂದ

ಅಕ್ಕನವರೆ, ನಾನು ಕೌದಿ ಹೊಲಿಯುವ ಮನೆಯಲ್ಲಿ ಬೆಳೆದವಳು, ಆ ಅಭ್ಯಾಸವೇ ನನ್ನನ್ನು ದಾರಿ ತಪ್ಪಿಸಿತು. ನಮ್ಮ ಅವ್ವ ಹಳೆಯ ಸೀರೆಯನ್ನು ಹಾಸಿ ಅದರ ಮೇಲೆ ತುಂಡುಗಳನ್ನು ಇಡುತ್ತಾ ಹೊಲಿಯುತ್ತಿದ್ದಳು, ಒಂದು ತುಂಡು ಸಣ್ಣದಾದರೆ ಪಕ್ಕದ ತುಂಡನ್ನು ಸ್ವಲ್ಪ ಮೇಲೆಳೆದು ಇಟ್ಟರೆ ಮುಗಿಯಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯಲ್ಲಿಯೂ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಅಲ್ಲಿಯೂ ಅಳತೆಪಟ್ಟಿಯ ಕೆಲಸವಿಲ್ಲ. ಕೆಳಗಿನ ಹಾಸು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಒಂದು ತುಂಡಿನ ತಪ್ಪು ಮುಂದಿನ ತುಂಡಿಗೆ ದಾಟುವುದಿಲ್ಲ. ಬ್ಲಾಕಿನಲ್ಲಿ ಹಾಗಲ್ಲ, ಅಂಚಿಗೆ ಅಂಚು ಕೂಡುವುದರಿಂದ ಮೊದಲ ತುಂಡಿನ ತಪ್ಪು ಕೊನೆಯ ಸಾಲಿನವರೆಗೆ ಬರುತ್ತದೆ. ಇದು ಅರ್ಥವಾಗಲು ನನಗೆ ಎರಡು ಹೊದಿಕೆ ಬೇಕಾದವು.

ವಾಲಿರುವ ಎರಡು ಬ್ಲಾಕುಗಳ ವಿಷಯಕ್ಕೆ ಬರುತ್ತೇನೆ. ನಾಲ್ಕೂ ಬದಿ ಸಮವಿದ್ದರೆ ಅದು ಚೌಕ ಎಂದುಕೊಳ್ಳಬೇಡಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. 12½ ಇಂಚಿನ ಬ್ಲಾಕಿನಲ್ಲಿ ಅವೆರಡೂ 17¾ಕ್ಕೆ ಒಂದು ವೀಸದಷ್ಟು ಕಡಿಮೆ ಬರಬೇಕು. ನಮ್ಮ ಮನೆ ಕಟ್ಟಿದ ಗೌಂಡಿಯವರು ಪಾಯ ಹಾಕುವಾಗ ದಾರ ಕಟ್ಟಿ ಮೂರು, ನಾಲ್ಕು, ಐದರ ಲೆಕ್ಕದಲ್ಲಿ ಮೂಲೆ ನೋಡುತ್ತಿದ್ದರು. ಅದನ್ನೇ ಬ್ಲಾಕಿಗೂ ಮಾಡಬಹುದು: ಒಂದು ಮೂಲೆಯಿಂದ ಒಂದು ಬದಿಗೆ 6 ಇಂಚು, ಇನ್ನೊಂದು ಬದಿಗೆ 8 ಇಂಚು ಗುರುತು ಮಾಡಿದರೆ ಆ ಎರಡು ಗುರುತುಗಳ ನಡುವೆ 10 ಇಂಚು ಇರಬೇಕು. ಕರ್ಣಗಳಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೆ ಬ್ಲಾಕಿಗೆ ನೀರು ಚಿಮುಕಿಸಿ, ಗಿಡ್ಡ ಕರ್ಣವನ್ನು ಮೆಲ್ಲಗೆ ಎಳೆದು, ಇಸ್ತ್ರಿ ಮಾಡುವ ಹಾಸಿನ ಮೇಲೆ ಗುಂಡುಪಿನ್ನು ಚುಚ್ಚಿ ಒಣಗಲು ಬಿಡಿ. ನನ್ನ ಬ್ಲಾಕುಗಳಲ್ಲಿ ಅರ್ಧದಷ್ಟು ಹೀಗೆಯೇ ಸರಿಹೋದವು, ಕಟರ್ ಮುಟ್ಟಲೇ ಇಲ್ಲ.

ಶಿವಮೊಗ್ಗದಿಂದ, ಟೈಲರಿಂಗ್ ಅಂಗಡಿ ನಡೆಸಿದವರು

ಅಮ್ಮಾ, ಬಟ್ಟೆ ಯಾವುದು ಎಂಬುದನ್ನು ನೀವು ಹೇಳಿಲ್ಲ. ವಾಲುವುದಕ್ಕೆ ಮುಖ್ಯ ಕಾರಣ ಕ್ರಾಸ್. ತ್ರಿಕೋನದ ಉದ್ದನೆಯ ಬದಿ ಹಾಸಿನ ಎಳೆಯ ಮೇಲೂ ಇರುವುದಿಲ್ಲ, ಹೊಕ್ಕಿನ ಎಳೆಯ ಮೇಲೂ ಇರುವುದಿಲ್ಲ, ಎರಡರ ನಡುವೆ ಓರೆಯಾಗಿ ಕತ್ತರಿಸಿರುತ್ತೀರಿ. ರವಿಕೆಯ ಕ್ರಾಸ್ ಪಟ್ಟಿ ಹೇಗೆ ಎಳೆದಷ್ಟು ಬರುತ್ತದೆಯೋ ಅದೂ ಹಾಗೆಯೇ ಬರುತ್ತದೆ. ಅದರ ಮೇಲೆ ಇಸ್ತ್ರಿಯನ್ನು ಪಂಚೆಗೆ ಎಳೆಯುವ ಹಾಗೆ ಎಳೆದರೆ ಚೌಕ ಉಳಿಯುವುದಿಲ್ಲ. ಇಸ್ತ್ರಿಯನ್ನು ಇಟ್ಟು, ಒತ್ತಿ, ಎತ್ತಿ, ಮುಂದೆ ಇಡಬೇಕು. ಬಟ್ಟೆಯನ್ನು ಒಗೆದು ತೆಳುವಾಗಿ ಗಂಜಿ ಹಾಕಿ ಒಣಗಿಸಿ ಆಮೇಲೆ ಕತ್ತರಿಸಿದರೆ ಕಾಗದದಂತೆ ನಿಲ್ಲುತ್ತದೆ, ಹಳೆಯ ಸೀರೆಯಾದರೆ ಗಂಜಿ ಬೇಕೇ ಬೇಕು.

ಮಾರ್ಜಿನ್ನಿನ ವಿಷಯದಲ್ಲಿ ಪ್ರೆಷರ್ ಫುಟ್ಟಿನ, ಅಂದರೆ ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ, ಅಂಚನ್ನು ನಂಬಬೇಡಿ. ಎಷ್ಟೋ ಮೆಷಿನ್ನುಗಳಲ್ಲಿ ಸೂಜಿಯಿಂದ ಫುಟ್ಟಿನ ಅಂಚಿಗೆ ಕಾಲು ಇಂಚಿಗಿಂತ ಹೆಚ್ಚಿರುತ್ತದೆ. ಒಂದು ಕಾಗದದಲ್ಲಿ ಬಲ ಅಂಚಿನಿಂದ ಕಾಲು ಇಂಚಿಗೆ ನೇರ ಗೆರೆ ಹಾಕಿ, ಆ ಗೆರೆಯ ಮೇಲೆ ಸೂಜಿ ಇಳಿಸಿ, ಕಾಗದದ ಬಲ ಅಂಚಿಗೆ ಒತ್ತಿ ಮೆಷಿನ್ನಿನ ಮೇಲೆ ನಾಲ್ಕೈದು ಪದರ ಟೇಪು ಅಂಟಿಸಿ. ಬಟ್ಟೆ ಆ ಟೇಪಿಗೆ ತಾಗಿಕೊಂಡು ಹೋದರೆ ಸಾಕು. ಇನ್ನೊಂದು ಮಾತು, ಇಂಚುಟೇಪು ಹಳೆಯದಾದರೆ ಎಳೆದು ಉದ್ದವಾಗಿರುತ್ತದೆ. ಟೇಪಿನಲ್ಲಿ ಅಳೆದು ಸ್ಕೇಲಿನಲ್ಲಿ ಕತ್ತರಿಸಬೇಡಿ.

ಮತ್ತೆ ಮೈಸೂರಿನಿಂದ

ಮೂರು ಪಟ್ಟಿಗಳ ಪರೀಕ್ಷೆ ಮಾಡಿದೆ. ನಡುವಿನ ಪಟ್ಟಿ 1 ಇಂಚಿನ ಬದಲು ಮುಕ್ಕಾಲರಿಂದ ಸ್ವಲ್ಪ ಮೇಲೆ ಬಂದಿತು, ಹೊಲಿದದ್ದು ಫುಟ್ಟಿನ ಅಂಚನ್ನು ನೋಡಿಕೊಂಡೇ. ಟೇಪು ಅಂಟಿಸಿದ ಮೇಲೆ ಎರಡನೆಯ ಸಲಕ್ಕೆ ಸರಿಯಾಗಿ 1 ಇಂಚು ಸಿಕ್ಕಿತು. ಬಟ್ಟೆ ಕೇಂಬ್ರಿಕ್, ಆದರೆ ನೀಲಿ ತ್ರಿಕೋನಗಳು ನನ್ನ ತಾಯಿಯವರ ಹತ್ತಿ ಸೀರೆಯವು, ಗಂಜಿ ಹಾಕಿರಲಿಲ್ಲ. ತ್ರಿಕೋನಗಳಿಗೆ ವಿನ್ಯಾಸದಲ್ಲಿ ಕೊಟ್ಟಂತೆ 4⅞ ಇಂಚಿನ ಚೌಕಗಳನ್ನು ಕತ್ತರಿಸಿದ್ದೆ. ಹೊಲಿದಾದ ಮೇಲೆ ಅವುಗಳನ್ನು ಅಳೆದು ನೋಡಲಿಲ್ಲ. ಇನ್ನು ಮುಂದೆ ಹೊಲಿಯುವುದಕ್ಕೆ ಸ್ಕೇಲು ಇಡುವ ಕ್ರಮವನ್ನು ಯಾರಾದರೂ ಬಿಡಿಸಿ ಹೇಳುವಿರಾ? ಮತ್ತು ಈ ಹದಿನಾರನ್ನು ಏನು ಮಾಡಲಿ?

ಕೊಲಂಬಸ್‌ನಿಂದ

ಸ್ಕೇಲಿನ ಮೊದಲ ಕೆಲಸ ಇಡೀ ಬ್ಲಾಕಿನಲ್ಲಿಲ್ಲ, ಆ ಜೋಡಿತ್ರಿಕೋನದ ಚಿಕ್ಕ ಚೌಕಗಳಲ್ಲಿದೆ. 4⅞ ಇಂಚಿನಿಂದ ಶುರುಮಾಡಿದರೆ ಕೂದಲೆಳೆಯ ತಪ್ಪಿಗೂ ಜಾಗವಿಲ್ಲ. ಬದಲಿಗೆ 5¼ ಇಂಚಿನ ಎರಡು ಚೌಕಗಳನ್ನು ಒಂದರ ಮೇಲೊಂದಿಟ್ಟು, ಕರ್ಣದ ಗೆರೆ ಎಳೆದು, ಗೆರೆಯ ಎರಡೂ ಪಕ್ಕ ಕಾಲು ಇಂಚಿಗೆ ಹೊಲಿದು, ಗೆರೆಯ ಮೇಲೆ ಕತ್ತರಿಸಿದರೆ ಬೇಕಾದುದಕ್ಕಿಂತ ದೊಡ್ಡದಾದ ಎರಡು ಚೌಕಗಳು ಸಿಗುತ್ತವೆ. ಅದನ್ನು ಬಿಡಿಸಿ ಇಸ್ತ್ರಿ ಒತ್ತಿ, ಪೂರ್ತಿ ತಣ್ಣಗಾದ ಮೇಲೆ, ಸ್ಕೇಲಿನ 45 ಡಿಗ್ರಿಯ ಗೆರೆಯನ್ನು ಓರೆ ಹೊಲಿಗೆಯ ಮೇಲೆ ಕೂರಿಸಿ. ಈಗ ಎಡ ಬದಿಯಲ್ಲೂ ಕೆಳ ಬದಿಯಲ್ಲೂ ಬಟ್ಟೆ 4½ರ ಗೆರೆಗಳನ್ನು ದಾಟಿ ಸ್ವಲ್ಪ ಹೊರಗಿರಬೇಕು, ಬಲಗಡೆ ಮತ್ತು ಮೇಲುಗಡೆ ಸ್ಕೇಲಿನಿಂದ ಆಚೆಗೂ ಸ್ವಲ್ಪ ಕಾಣಬೇಕು. ಬಲವನ್ನು ಕತ್ತರಿಸಿ, ಮೇಲನ್ನು ಕತ್ತರಿಸಿ, ಚೌಕವನ್ನು ಅರ್ಧ ಸುತ್ತು ತಿರುಗಿಸಿ, ಈಗಷ್ಟೇ ಕತ್ತರಿಸಿದ ಎರಡು ಅಂಚುಗಳನ್ನು 4½ರ ಗೆರೆಗಳಿಗೆ ಹೊಂದಿಸಿ, ಓರೆ ಹೊಲಿಗೆ 45ರ ಗೆರೆಯ ಮೇಲೆಯೇ ಇದೆಯೇ ಎಂದು ಮತ್ತೊಮ್ಮೆ ನೋಡಿ ಉಳಿದೆರಡು ಬದಿಗಳನ್ನು ಕತ್ತರಿಸಿ. ಈ ಕೆಲಸಕ್ಕೆ 12½ರ ಸ್ಕೇಲು ಭಾರ, 6½ ಇಂಚಿನ ಚೌಕ ಸ್ಕೇಲೊಂದನ್ನು ಕೊಳ್ಳಿ. ಬೇಸರದ ಕೆಲಸವೆಂಬುದು ನಿಜ. 16 ಬ್ಲಾಕಿಗೆ ಇಂತಹ 64 ಚೌಕಗಳಿವೆ. ನಾನು ಹಾಡು ಕೇಳುತ್ತಾ ಒಂದೇ ಸಲ ಕುಳಿತು ಮುಗಿಸುತ್ತೇನೆ.

ಹೀಗೆ ಮಾಡಿದ ಬ್ಲಾಕಿಗೆ ಕೊನೆಯಲ್ಲಿ ಹೆಚ್ಚು ಕತ್ತರಿಸುವುದೇ ಇರುವುದಿಲ್ಲ. ಆದರೂ ನೋಡುವ ಕ್ರಮವಿದು: ಸ್ಕೇಲಿನ 6¼ರ ಅಡ್ಡಗೆರೆ ಮತ್ತು ನೆಟ್ಟಗೆರೆ ಕೂಡುವ ಬಿಂದುವನ್ನು ಬ್ಲಾಕಿನ ನಡುಬಿಂದುವಿನ ಮೇಲಿಡಿ, ನಡುಚೌಕದ ಹೊಲಿಗೆಗಳು 4¼ ಮತ್ತು 8¼ರ ಗೆರೆಗಳ ಮೇಲೆ ಬಿದ್ದಿವೆಯೇ ನೋಡಿ, ನಾಲ್ಕು ತುದಿಗಳಿಂದಲೂ ಸ್ಕೇಲಿನ ಅಂಚಿಗೆ ಕಾಲು ಇಂಚು ಉಳಿದಿದೆಯೇ ನೋಡಿ. ಇಷ್ಟೂ ಸರಿಯಿದ್ದರೆ ಮಾತ್ರ ಹೊರಗೆ ಇಣುಕುವ ಎಳೆಗಳನ್ನು ಕತ್ತರಿಸಿ. ಮೂಲೆಯಿಂದ ಅಳೆಯಲು ಶುರುಮಾಡಿದರೆ ಇರುವ ತಪ್ಪೆಲ್ಲ ಎದುರು ಬದಿಗೆ ತಳ್ಳಲ್ಪಟ್ಟು ಅಲ್ಲಿಯ ನಕ್ಷತ್ರ ಮೊಂಡಾಗುತ್ತದೆ. ಈ ಸ್ಕೇಲಿನಲ್ಲಿ ಇನ್ನೊಂದು ತೊಡಕಿದೆ: ಹೆಚ್ಚುವರಿ ಅರ್ಧ ಇಂಚು ಒಂದೇ ಪಕ್ಕದಲ್ಲಿರುತ್ತದೆ, ಸ್ಕೇಲನ್ನು ತಿರುಗಿಸಿ ಇಟ್ಟರೆ ಗೆರೆಗಳೆಲ್ಲ ಅರ್ಧ ಇಂಚು ಸರಿದು 4½ ಎಂದುಕೊಂಡದ್ದು 4 ಅಥವಾ 5 ಆಗಿರುತ್ತದೆ. ನಾನು ಸೊನ್ನೆಯ ಮೂಲೆಗೆ ಒಂದು ಕೆಂಪು ಬಿಂದಿ ಅಂಟಿಸಿಕೊಂಡಿದ್ದೇನೆ. ಮ್ಯಾಟಿನ ಗೆರೆ ಮತ್ತು ಸ್ಕೇಲಿನ ಗೆರೆಗಳನ್ನು ಬೆರೆಸಿ ಅಳೆಯುವುದೂ ಬೇಡ, ಒಂದು ಹೊದಿಕೆಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಸ್ಕೇಲು.

ಈ ಹದಿನಾರಕ್ಕೆ ಬಿಚ್ಚುವ ಅಗತ್ಯವಿಲ್ಲ. ಪ್ರತಿ ಬ್ಲಾಕಿನ ಸುತ್ತ 1½ ಇಂಚಿನ ಪಟ್ಟಿ ಹೊಲಿಯಿರಿ. 12¼ ಇದ್ದದ್ದು 14¼ ಆಗುತ್ತದೆ, 12½ ಇದ್ದದ್ದು 14½ ಆಗುತ್ತದೆ. ಎಲ್ಲವನ್ನೂ ನಡುವಿನಿಂದ ಅಳೆದು 14ಕ್ಕೆ ಕತ್ತರಿಸಿ. ನಿಮ್ಮ ಸ್ಕೇಲು 14ರಷ್ಟಿಲ್ಲ, ಆದ್ದರಿಂದ ಮೂಲೆಯನ್ನು ಚೌಕ ಸ್ಕೇಲಿನಲ್ಲೂ ಉದ್ದವನ್ನು 24ರ ಸ್ಕೇಲಿನಲ್ಲೂ ಹಿಡಿಯಬೇಕಾಗುತ್ತದೆ. ಕತ್ತರಿಸುವುದೆಲ್ಲ ಪಟ್ಟಿಯಲ್ಲಿ, ನಕ್ಷತ್ರದ ತುದಿ ಒಂದೂ ಹೋಗುವುದಿಲ್ಲ. ಚೌಕಟ್ಟು ಒಂದು ಬ್ಲಾಕಿನಲ್ಲಿ ಮುಕ್ಕಾಲು ಇಂಚು, ಇನ್ನೊಂದರಲ್ಲಿ ಅದಕ್ಕಿಂತ ಅರೆಕಾಲು ಹೆಚ್ಚು ಕಾಣುತ್ತದೆ, ಮಲಗುವ ಮಗು ಅದನ್ನು ಅಳೆಯುವುದಿಲ್ಲ. ನಾಲ್ಕು ಸಾಲಿಗೆ ನಾಲ್ಕರಂತೆ ಜೋಡಿಸಿದರೆ 48 ಇಂಚಿನ ಬದಲು 54 ಇಂಚು ಬರುತ್ತದೆ, ಅಂಚುಪಟ್ಟಿಗೆ ತಂದ ಬಟ್ಟೆ ಅದಕ್ಕೆ ಸಾಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬೆಂಗಳೂರಿನಿಂದ

ಯಾರೂ ಹೇಳದ ಒಂದನ್ನು ಸೇರಿಸುತ್ತೇನೆ. ಸ್ಕೇಲು ಬಟ್ಟೆಯ ಮೇಲೆ ಜಾರುತ್ತದೆ, ಜಾರಿದಾಗ ಕಟರ್ ಬೆರಳಿನ ಮೇಲೆ ಹತ್ತುತ್ತದೆ. ನನ್ನ ಎಡಗೈ ತೋರುಬೆರಳಿನ ತುದಿಗೆ ಮೂರು ಹೊಲಿಗೆ ಬಿದ್ದಿವೆ. ಸ್ಕೇಲಿನ ಅಡಿಯಲ್ಲಿ ನಾಲ್ಕು ಕಡೆ ಗಾಯಕ್ಕೆ ಹಾಕುವ ಬಟ್ಟೆಯ ಟೇಪಿನ ಚೂರುಗಳನ್ನು ಅಂಟಿಸಿ, ನಿಂತುಕೊಂಡು ಕತ್ತರಿಸಿ, ಬೆರಳುಗಳನ್ನು ಅಗಲಿಸಿ ಒತ್ತಿ, ಕಿರುಬೆರಳನ್ನು ಸ್ಕೇಲಿನ ಆಚೆ ಬಟ್ಟೆಯ ಮೇಲೆ ಊರಿ ಹಿಡಿಯಿರಿ. ಕಟರ್ ಕೈಯಿಂದ ಕೆಳಗಿಡುವಾಗಲೆಲ್ಲ ಅಲಗನ್ನು ಮುಚ್ಚಿ, ಮೊಮ್ಮಗಳು ಓಡಾಡುವ ಮನೆ.

ಮೈಸೂರಿನಿಂದ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ವಾಲಿದ ಎರಡು ಬ್ಲಾಕುಗಳಲ್ಲಿ ಒಂದು, ನೀರು ಚಿಮುಕಿಸಿ ಪಿನ್ನು ಹಾಕಿದ ಮೇಲೆ ಎರಡೂ ಕರ್ಣಗಳು ಸಮನಾಗಿ ಬಂದಿತು. ಇನ್ನೊಂದು ಜಗ್ಗಲಿಲ್ಲ. ಬಿಚ್ಚಿ ನೋಡಿದರೆ ಒಂದು ಜೋಡಿತ್ರಿಕೋನವನ್ನು ತಲೆಕೆಳಗಾಗಿ ಎಳೆದು ಹೊಂದಿಸಿಕೊಂಡಿದ್ದೆ. ಆ ಒಂದನ್ನು ಮಾತ್ರ ಗಂಜಿ ಹಾಕಿದ ಸೀರೆಯ ತುಂಡಿನಿಂದ ಹೊಸದಾಗಿ ಮಾಡಿ 4½ಕ್ಕೆ ಕತ್ತರಿಸಿ ಕೂರಿಸಿದೆ. ಮೂರು ಬ್ಲಾಕುಗಳಿಗೆ ಕೆನೆ ಬಣ್ಣದ ಪಟ್ಟಿ ಹಾಕಿ 14 ಇಂಚಿಗೆ ತಂದು ಹಾಸಿಗೆಯ ಮೇಲೆ ಸಾಲಾಗಿ ಇಟ್ಟಿದ್ದೇನೆ, ಹೊಲಿಗೆಗೆ ಹೊಲಿಗೆ ಸೇರುತ್ತಿದೆ. ಕೆನೆ ಬಟ್ಟೆ ಇನ್ನು ಒಂದೂವರೆ ಮೀಟರು ಬೇಕಾಗಿದೆ, ನಾಳೆ ತಂದು ಉಳಿದ ಹದಿಮೂರನ್ನು ಮುಂದುವರಿಸುತ್ತೇನೆ.